ಫ್ಯೂಜಿಗೆ ಬೆನ್ನು ಹಾಕಿ ಕೂತ ಅಪ್ಪ

ಹೊರಡುವ ಮೊದಲು ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ಜಪಾನ್, ಒಂಬತ್ತು ದಿನ, ನಾನು ಮತ್ತು ಅಪ್ಪ. ನೋಡುವ ಜಾಗಗಳನ್ನೆಲ್ಲ ಬಗೆ ಬಗೆಯಾಗಿ ಬೇರೆ ಮಾಡಿ ಬಣ್ಣ ಹಚ್ಚಿದ್ದೆ. ಬೆಟ್ಟ, ಕೆರೆಗೆ ಹಸಿರು. ಗುಡಿಗಳಿಗೆ ಕೇಸರಿ. ಹಳೇ ಕಟ್ಟಡಗಳಿಗೆ ಕಂದು. ಕಲೆ, ಮ್ಯೂಸಿಯಂ ನೀಲಿ. ಹಿರೋಶಿಮಾಗೆ ಮಾತ್ರ ಬೂದು, ಅದನ್ನು ಯಾವುದರ ಜೊತೆ ಸೇರಿಸಬೇಕು ಅಂತ ಗೊತ್ತಾಗಿರಲಿಲ್ಲ. ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ರೈಲು ಯಾವ ಬಣ್ಣದಲ್ಲಿದೆ?"

"ರೈಲು ಹೋಗೋದಕ್ಕೆ ಅಪ್ಪ, ನೋಡೋದಕ್ಕಲ್ಲ" ಅಂದೆ.

ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ 36 ವರ್ಷ ಕೆಲಸ ಮಾಡಿ ರಿಟೈರ್ ಆದ ಮನುಷ್ಯ. ವಾದ ಮಾಡೋ ಅಭ್ಯಾಸ ಇಲ್ಲ. ಕೆಂಪು ಅಂದರೆ ನಿಲ್ಲೋದು, ಹಸಿರು ಅಂದರೆ ಹೊರಡೋದು, ಅಷ್ಟೇ.

ಮೊದಲ ದಿನ, ಭಾನುವಾರ: ಟೋಕಿಯೋ

ಶಿಬುಯಾ ಕ್ರಾಸಿಂಗ್ ಅಂದರೆ ಏನು ಅಂತ ಅಪ್ಪನಿಗೆ ಹೇಳೋದು ಕಷ್ಟವಾಯಿತು. ಅದು ರಸ್ತೆ ದಾಟುವ ಜಾಗ. ಎಲ್ಲ ಕಡೆಯ ವಾಹನಗಳು ಒಟ್ಟಿಗೆ ನಿಲ್ಲುತ್ತವೆ, ಜನ ನಾಲ್ಕೂ ದಿಕ್ಕಿನಿಂದ, ಮೂಲೆಯಿಂದ ಮೂಲೆಗೂ, ಒಂದೇ ಸಲ ನುಗ್ಗುತ್ತಾರೆ. ಮತ್ತೆ ದೀಪ ಬದಲಾಗುತ್ತೆ. ಮತ್ತೆ ವಾಹನ. "ಇದನ್ನ ನೋಡೋಕೆ ವಿಮಾನ ಹತ್ತಿ ಬರ್ತಾರಾ?" ಅಂತ ಕೇಳಿದರು. ಬರುತ್ತಾರೆ. ನಾವೇ ಬಂದಿದ್ದೆವಲ್ಲ.

ಜನ ಅಲ್ಲಿ ಏನು ಮಾಡುತ್ತಾರೆ ಅಂತ ಸ್ವಲ್ಪ ಹೊತ್ತು ನೋಡಿದೆ. ದಾಟುತ್ತಾರೆ, ನಡುವೆ ನಿಂತು ಫೋನ್ ಎತ್ತಿ ತಿರುಗುತ್ತಾರೆ, ಆ ಕಡೆ ಸೇರಿದ ಮೇಲೆ ಮತ್ತೆ ಈ ಕಡೆಗೆ ದಾಟುತ್ತಾರೆ. ಆ ಕಡೆ ಯಾರಿಗೂ ಏನೂ ಕೆಲಸ ಇಲ್ಲ. ನಡುವೆ ಚೀಲ ಹಿಡಿದು ಸರಸರ ನಡೆಯುವ ಊರಿನವರು ನಮ್ಮನ್ನೆಲ್ಲ ತಪ್ಪಿಸಿಕೊಂಡು ಹೋಗುತ್ತಾರೆ. ಅವರು ದಿನಾ ಮಾಡೋ ಕೆಲಸವೇ ನಮಗೆ ನೋಟ. ಅಪ್ಪ ಮಾತ್ರ ಜನರನ್ನೂ ನೋಡಲಿಲ್ಲ, ದೊಡ್ಡ ದೊಡ್ಡ ಪರದೆಗಳನ್ನೂ ನೋಡಲಿಲ್ಲ. ಕಂಬಕ್ಕೆ ಒರಗಿ ಕೈಗಡಿಯಾರ ನೋಡುತ್ತಿದ್ದರು. ಬೇಜಾರಾಗಿದೆ ಅಂದುಕೊಂಡೆ. ಅಲ್ಲ, ಸಿಗ್ನಲ್ಲಿನ ಒಂದು ಸುತ್ತಿಗೆ ಎಷ್ಟು ಸೆಕೆಂಡು ಅಂತ ಅಳೆಯುತ್ತಿದ್ದರು. ಮೂರು ಸಲ ಅಳೆದು, ಮೂರೂ ಸಲ ಒಂದೇ ಬಂತು ಅಂತ ಖುಷಿಪಟ್ಟರು.

ಪಕ್ಕದಲ್ಲೇ ಹಾಚಿಕೊ ನಾಯಿಯ ಪ್ರತಿಮೆ. ಅದರ ಜೊತೆ ಫೋಟೊ ತೆಗೆಸಿಕೊಳ್ಳಲು ಸಾಲು. ಯಜಮಾನ, ಒಬ್ಬ ಪ್ರೊಫೆಸರ್, 1925ರಲ್ಲಿ ತೀರಿಕೊಂಡರೂ ಈ ನಾಯಿ ಹತ್ತಿರ ಹತ್ತಿರ ಹತ್ತು ವರ್ಷ ಇದೇ ನಿಲ್ದಾಣಕ್ಕೆ ಬಂದು ಕಾಯುತ್ತಿತ್ತು. 1935ರಲ್ಲಿ ಅದೂ ಸತ್ತಿತು. ಅದು ಬದುಕಿದ್ದಾಗಲೇ, 1934ರಲ್ಲೇ, ಪ್ರತಿಮೆ ನಿಲ್ಲಿಸಿದ್ದರು. ಆದರೆ ಈಗ ಇರೋದು ಆ ಪ್ರತಿಮೆ ಅಲ್ಲ. ಯುದ್ಧದ ಸಮಯದಲ್ಲಿ ಲೋಹ ಬೇಕು ಅಂತ ಅದನ್ನು ಕರಗಿಸಿದರು, 1948ರಲ್ಲಿ ಮೊದಲ ಶಿಲ್ಪಿಯ ಮಗ ಮತ್ತೊಂದು ಮಾಡಿಕೊಟ್ಟ. ಮುಂಗಾಲು ಮುಟ್ಟಿ ಮುಟ್ಟಿ ಹೊಳಪು ಬಂದಿದೆ.

ಸಂಜೆ ನಿಲ್ದಾಣದೊಳಗಿನ ಒಂದು ಓಣಿಯ ಕಿಟಕಿಯಿಂದ ಕ್ರಾಸಿಂಗನ್ನು ಮೇಲಿಂದ ನೋಡಬಹುದು ಅಂತ ಓದಿದ್ದೆ, ಹೋದೆವು. ಕಿಟಕಿಗೆ ಜನ ಅಂಟಿಕೊಂಡಿದ್ದರು. ತಿರುಗಿ ನೋಡಿದರೆ ಎದುರು ಗೋಡೆಯ ಉದ್ದಕ್ಕೂ ಒಂದು ದೊಡ್ಡ ಚಿತ್ರ, 30 ಮೀಟರ್ ಉದ್ದ. ನಡುವೆ ಉರಿಯುವ ಬೆಂಕಿಯಲ್ಲಿ ಒಂದು ಅಸ್ಥಿಪಂಜರ. ಓಕಾಮೊಟೊ ಟಾರೊ ಅನ್ನುವ ಕಲಾವಿದ ಅಣುಬಾಂಬ್ ಸಿಡಿದ ಗಳಿಗೆಯನ್ನು ಬರೆದದ್ದು. ಮೆಕ್ಸಿಕೋದಲ್ಲಿ ಬರೆದದ್ದಂತೆ, ಎಷ್ಟೋ ವರ್ಷ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲವಂತೆ, 2003ರಲ್ಲಿ ಸಿಕ್ಕಿತು, 2008ರಲ್ಲಿ ಇಲ್ಲಿ ಹಾಕಿದರು. ನಾವಿದ್ದ ಅರ್ಧ ಗಂಟೆಯಲ್ಲಿ ಅದರ ಮುಂದೆ ನಿಂತವರು ಇಬ್ಬರು. ಉಳಿದವರೆಲ್ಲ ಅದಕ್ಕೆ ಬೆನ್ನು ಹಾಕಿ ರಸ್ತೆ ನೋಡುತ್ತಿದ್ದರು. ನನ್ನ ಶೀಟಿನಲ್ಲೂ ಅದು ಇರಲಿಲ್ಲ ಬಿಡಿ.

ಎರಡನೇ ದಿನ, ಸೋಮವಾರ: ಕವಾಗುಚಿಕೊ

ಇದು ಹಸಿರು ದಿನ. ಫ್ಯೂಜಿ ಬೆಟ್ಟ, 3,776 ಮೀಟರ್, ಅದರ ಮಗ್ಗುಲಲ್ಲಿ ಕವಾಗುಚಿ ಸರೋವರ. ಹವಾಮಾನ ನೋಡಿಕೊಂಡೇ ಹೊರಟಿದ್ದೆವು. ಬೆಳಗ್ಗೆ ಟೋಕಿಯೋದಲ್ಲಿ ಒಳ್ಳೇ ಬಿಸಿಲು. ಬಸ್ಸಿದೆ ಅಂದೆ, ಅಪ್ಪ ರೈಲೇ ಇರಲಿ ಅಂದರು. ದಾರಿಯಲ್ಲಿ ಫ್ಯೂಜಿಸಾನ್ ಅನ್ನುವ ನಿಲ್ದಾಣದಲ್ಲಿ ಗಾಡಿ ನಿಂತು, ಬಂದ ದಿಕ್ಕಿಗೇ ವಾಪಸ್ ಹೊರಟಿತು. ನನಗೆ ಗಾಬರಿ. ಅಪ್ಪನ ಮುಖ ಅರಳಿತ್ತು. ಹಳಿ ಅಲ್ಲಿಗೆ ಮುಗಿಯುತ್ತೆ, ಗಾಡಿ ಹಿಮ್ಮುಖವಾಗಿ ಬೇರೆ ಹಳಿಗೆ ಹತ್ತಿಕೊಳ್ಳುತ್ತೆ. "ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದು ಹೋದ, ನೋಡಿದ್ಯಾ?" ನಾನು ನೋಡಿರಲಿಲ್ಲ. ಕಿಟಕಿಯಲ್ಲಿ ಫ್ಯೂಜಿ ಹುಡುಕುತ್ತಿದ್ದೆ.

ಫ್ಯೂಜಿ ಸಿಗಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಬಿಳಿ ಮೋಡ ಗೋಡೆಯ ಹಾಗೆ ನಿಂತಿತ್ತು. ಇಷ್ಟು ದೊಡ್ಡ ಬೆಟ್ಟ ಇಷ್ಟು ಪೂರ್ತಿಯಾಗಿ ಮಾಯವಾಗಬಹುದು ಅಂತ ನಾನು ನಂಬಿರಲಿಲ್ಲ. ಸರೋವರದ ದಂಡೆಯಲ್ಲಿ ನೂರಾರು ಜನ ಮೋಡದ ಕಡೆ ಮುಖ ಮಾಡಿ ಕೂತಿದ್ದರು. ಒಬ್ಬ ಹುಡುಗ ಫೋನಿನಲ್ಲಿ ಫ್ಯೂಜಿಯ ಫೋಟೊ ತೆರೆದು, ಬೆಟ್ಟ ಎಲ್ಲಿ ಇರಬೇಕೋ ಅಲ್ಲಿಗೆ ಹಿಡಿದು, ಅದರ ಫೋಟೊ ತೆಗೆದುಕೊಂಡ. ನಗು ಬಂತು. ಆಮೇಲೆ ನಾನೂ ಹಾಗೇ ಮಾಡಿದೆ.

ಊರಿನಲ್ಲಿ ಒಂದು ಸಾಮಾನ್ಯ ಅಂಗಡಿ ಇದೆ. ಎದುರು ನಿಂತರೆ ಅಂಗಡಿಯ ಮಾಡಿನ ಮೇಲೆ ಫ್ಯೂಜಿ ಕೂತ ಹಾಗೆ ಕಾಣುತ್ತೆ. ಆ ಫೋಟೊ ಎಲ್ಲ ಕಡೆ ಹರಡಿ, ಜನ ಬಂದು ರಸ್ತೆಗೆ ಅಡ್ಡ ನಿಂತು, ಪಕ್ಕದವರ ಜಾಗಕ್ಕೆ ನುಗ್ಗಿ, ಕೊನೆಗೆ 2024ರ ಮೇ ತಿಂಗಳಲ್ಲಿ ಊರಿನವರು 2.5 ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಬಲೆ ಕಟ್ಟಿ ನೋಟವನ್ನೇ ಮುಚ್ಚಿದರು. ಕೆಲವೇ ದಿನದಲ್ಲಿ ಬಲೆಯಲ್ಲಿ ತೂತುಗಳು ಬಿದ್ದವು, ಕ್ಯಾಮೆರಾ ಲೆನ್ಸಿನ ಅಳತೆಯ ತೂತುಗಳು. ಆಗಸ್ಟಿನಲ್ಲಿ ಬಿರುಗಾಳಿ ಬರುತ್ತೆ ಅಂತ ಬಿಚ್ಚಿದವರು ಮತ್ತೆ ಕಟ್ಟಲಿಲ್ಲ. ನಾವು ಹೋದಾಗ ಬಲೆ ಇಲ್ಲ, ಫ್ಯೂಜಿಯೂ ಇಲ್ಲ. ಆದರೂ ಹತ್ತಾರು ಜನ ಅಂಗಡಿಯ ಫೋಟೊ ತೆಗೆಯುತ್ತಿದ್ದರು. ಬೆಟ್ಟ ಇಲ್ಲದಿದ್ದರೇನು, ಜಾಗ ಇದೇ ಅಲ್ವಾ.

ಹಸಿರು ಬಣ್ಣ ಹಚ್ಚಿದ್ದೂ ತಪ್ಪೇ. ಯುನೆಸ್ಕೋ 2013ರಲ್ಲಿ ಫ್ಯೂಜಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಪ್ರಕೃತಿಯ ತಾಣ ಅಂತ ಅಲ್ಲ, ಸಂಸ್ಕೃತಿಯ ತಾಣ ಅಂತ. ಪೂಜಿಸುವ ಬೆಟ್ಟ, ಚಿತ್ರಕಾರರಿಗೆ ಹುಚ್ಚು ಹಿಡಿಸಿದ ಬೆಟ್ಟ, ಅದಕ್ಕೆ. ಹೊಕುಸಾಯ್ ಫ್ಯೂಜಿಯ 36 ನೋಟಗಳು ಅಂತ ಹೆಸರಿಟ್ಟು ಶುರು ಮಾಡಿ ಕೊನೆಗೆ 46 ಚಿತ್ರ ಮಾಡಿದ. ನಿಲ್ಲಿಸೋಕೆ ಆಗಲಿಲ್ಲ ಅಂತ ಕಾಣುತ್ತೆ.

ನಾನು ಎರಡು ಗಂಟೆ ಕಾದೆ. ವಾಪಸ್ ಬಂದರೆ ಅಪ್ಪ ನಿಲ್ದಾಣದ ಹೊರಗೆ, ಪ್ರದರ್ಶನಕ್ಕೆ ಇಟ್ಟ ಹಳೇ ರೈಲು ಬೋಗಿಯ ಎದುರು, ಬೆಟ್ಟಕ್ಕೆ ಬೆನ್ನು ಹಾಕಿ ಆರಾಮಾಗಿ ಕೂತಿದ್ದರು. "ಮೋಡ ಸರೀತಾ?" ಅಂದರು. ಇಲ್ಲ ಅಂದೆ. "ನಾಳೆ ಗಾಡಿಯಿಂದ ಕಾಣುತ್ತೆ ಬಿಡು."

ಮೂರನೇ ದಿನ, ಮಂಗಳವಾರ: ಕ್ಯೋಟೋ ಕಡೆಗೆ

ಗಾಡಿ ಹನ್ನೊಂದಕ್ಕಿದ್ದರೆ ಅಪ್ಪ ಒಂಬತ್ತೂವರೆಗೇ ಪ್ಲಾಟ್‌ಫಾರ್ಮಿನಲ್ಲಿ. ಟೋಕಿಯೋದಿಂದ ಹೊರಡುವ ಬುಲೆಟ್ ರೈಲು ಶಿಂಕಾನ್‌ಸೆನ್‌ಗೆ 16 ಬೋಗಿ, 400 ಮೀಟರ್ ಉದ್ದ, 1,323 ಸೀಟು. ಇದನ್ನೆಲ್ಲ ಹೇಳಿದ್ದು ಅಪ್ಪನೇ, ನಾನಲ್ಲ. ಇದು ಮೊದಲು ಓಡಿದ್ದು 1964ರ ಅಕ್ಟೋಬರ್ 1ರಂದು, ಟೋಕಿಯೋ ಒಲಿಂಪಿಕ್ಸಿಗೆ ಒಂಬತ್ತು ದಿನ ಮುಂಚೆ. ಆಗ ಅವರಿಗೆ ಹನ್ನೊಂದು ವರ್ಷ. ಎಲ್ಲೋ ಒಂದು ಹಳೇ ಪತ್ರಿಕೆಯಲ್ಲಿ ಮೂಗು ದುಂಡಗಿರೋ ರೈಲಿನ ಚಿತ್ರ ನೋಡಿದ್ದರಂತೆ. ಅವತ್ತಿಂದ ಇದು ಅವರ ತಲೆಯಲ್ಲಿದೆ. 61 ವರ್ಷ. ನನಗೆ ಇದು ಗೊತ್ತೇ ಇರಲಿಲ್ಲ. ಕೇಳಿರಲಿಲ್ಲ, ಹೇಳಿರಲಿಲ್ಲ.

ಗಾಡಿ ಬಂತು. ಜನ ಇಳಿದರು. ಬಾಗಿಲ ಬಳಿ ಸಾಲಾಗಿ ನಿಂತಿದ್ದ ಸ್ವಚ್ಛತೆಯವರು ಬಗ್ಗಿ ನಮಸ್ಕಾರ ಮಾಡಿ ಒಳಗೆ ಹೋದರು. ಟೋಕಿಯೋ ನಿಲ್ದಾಣದ ಏಳು ನಿಮಿಷದ ಕ್ಲೀನಿಂಗ್ ಅಂದರೆ ಹೆಸರುವಾಸಿ. ಕಿಟಕಿಯಿಂದ ಎಲ್ಲ ಕಾಣುತ್ತೆ. ಹೆಚ್ಚು ಕಮ್ಮಿ ನನ್ನ ಅಮ್ಮನ ವಯಸ್ಸಿನ ಹೆಂಗಸೊಬ್ಬರು ಸೀಟುಗಳನ್ನು ಟಕ ಟಕ ಅಂತ ಮುಂದಕ್ಕೆ ತಿರುಗಿಸುತ್ತಾ ಹೋದರು, ವಾಪಸ್ ಬರುವಾಗ ಟ್ರೇಗಳನ್ನು ಬಿಚ್ಚಿ, ಒರೆಸಿ, ಮುಚ್ಚಿ, ತಲೆಗೆ ಒರಗುವ ಬಟ್ಟೆ ಒಂದು ಸೊಟ್ಟಗಿದ್ದದ್ದನ್ನು ಹೋಗುತ್ತಾ ಹೋಗುತ್ತಲೇ ಎರಡು ಬೆರಳಲ್ಲಿ ಎಳೆದು ನೆಟ್ಟಗೆ ಮಾಡಿ, ಕೊನೆಗೊಮ್ಮೆ ನಿಂತು ಇಡೀ ಬೋಗಿಯನ್ನು ನೋಡಿ ಹೊರಬಂದರು. ಮತ್ತೆ ನಮಸ್ಕಾರ. ನಮ್ಮ ಸುತ್ತ ನಿಂತಿದ್ದ ವಿದೇಶಿಗರು ವೀಡಿಯೊ ಮಾಡುತ್ತಿದ್ದರು. ಸರಿ, ಇದೂ ಒಂದು ಪ್ರೇಕ್ಷಣೀಯ ಸ್ಥಳ ಆಗಿಬಿಟ್ಟಿದೆ. ಅವರಿಗೆ ಹೇಗನ್ನಿಸುತ್ತೋ.

ಫ್ಯೂಜಿ ಕಾಣಲಿ ಅಂತ ಇ ಸೀಟು ಹಿಡಿದಿದ್ದೆ, ಅದು ಬೆಟ್ಟದ ಕಡೆಯ ಕಿಟಕಿ. ಮೋಡ. ಬೋಗಿಯಲ್ಲಿ ಒಂದು ಹತ್ತು ಜನ ಎದ್ದು, ಮೋಡ ನೋಡಿ, ಕೂತರು.

ಸಂಜೆ ಫುಶಿಮಿ ಇನಾರಿ. ಕೆಂಪು ಕಿತ್ತಳೆ ಬಣ್ಣದ ಕಮಾನುಗಳು ಒಂದರ ಹಿಂದೊಂದು ಗುಡ್ಡ ಹತ್ತುವ ಜಾಗ, ನೀವು ಚಿತ್ರ ನೋಡಿರುತ್ತೀರಿ. ಹತ್ತು ಸಾವಿರ ತೋರಿಗಳಿವೆ ಅನ್ನುತ್ತಾರೆ. ಕೆಳಗೆ ಕಾಲಿಡಲು ಜಾಗವಿಲ್ಲ, ಖಾಲಿ ಕಮಾನಿನ ಫೋಟೊ ಬೇಕು ಅಂತ ಎಲ್ಲರೂ ಎಲ್ಲರನ್ನೂ ಕಾಯುತ್ತಾರೆ. ಅರ್ಧ ಗಂಟೆ ಹತ್ತಿದರೆ ಜನ ಪೂರ್ತಿ ಕಮ್ಮಿ. ಫೋಟೊ ಸಿಕ್ಕಿದವರು ಅಲ್ಲಿಂದಲೇ ಇಳಿದುಬಿಡುತ್ತಾರೆ.

ಹತ್ತುವಾಗ ಕಾಣೋದು ಬರೀ ಬಣ್ಣ. ಇಳಿಯುವಾಗ ಕಂಬಗಳ ಹಿಂಬದಿ ಕಾಣುತ್ತೆ, ಅಲ್ಲಿ ಕಪ್ಪು ಅಕ್ಷರದಲ್ಲಿ ಹೆಸರು, ತಾರೀಖು. ಕಂಪನಿಗಳು, ಅಂಗಡಿಗಳು, ಮನೆಯವರು ಕೊಟ್ಟದ್ದು. ಇನಾರಿ ಬೆಳೆಯ ದೇವರು, ವ್ಯಾಪಾರದವರಿಗೂ ದೇವರು. ಬಾಯಲ್ಲಿ ಕಣಜದ ಬೀಗದಕೈ ಕಚ್ಚಿಕೊಂಡ ಕಲ್ಲಿನ ನರಿಗಳು ಅದಕ್ಕೇ ಇರೋದು. ಒಂದು ತೋರಿಯ ಬುಡ ಕೊಳೆತಿತ್ತು. ಪಕ್ಕದ್ದು ಹೊಸದು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಾವು ಫೋಟೊಕ್ಕೆ ಬಂದ ಕಮಾನು ಯಾರದೋ ಲೆಕ್ಕದಲ್ಲಿ ಹರಕೆ. ಹೋದ ವರ್ಷ ಅಂಗಡಿ ಚೆನ್ನಾಗಿ ನಡೆದಿರಬೇಕು.

ನಾಲ್ಕನೇ ದಿನ, ಬುಧವಾರ: ಬೀಗ, ಆಮೇಲೆ ನಾರಾ

ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಕ್ಯೋಟೋ ರೈಲ್ವೆ ಮ್ಯೂಸಿಯಂ. ಅವರ ಒತ್ತಾಯಕ್ಕೆ ನಾನು ಶೀಟಿನಲ್ಲಿ ಕೊನೆಗೆ ಸೇರಿಸಿದ್ದು, ಬಣ್ಣ ಇಲ್ಲದ ಒಂದೇ ಸಾಲು. ನಡೆದೇ ಹೋದೆವು. ಗೇಟು ಮುಚ್ಚಿತ್ತು. ಬುಧವಾರ ರಜೆ.

ಉಳಿದ ಎಲ್ಲ ಜಾಗಗಳ ಸಮಯ, ರಜೆ, ಟಿಕೆಟ್ ನೋಡಿದ್ದೆ. ಇದನ್ನು ನೋಡಿರಲಿಲ್ಲ. ಯಾಕೆ ನೋಡಿರಲಿಲ್ಲ ಅಂತ ನನಗೂ ಗೊತ್ತು, ಅಪ್ಪನಿಗೂ ಗೊತ್ತು. ಅವರು ಸುಮ್ನೆ ಬೇಲಿಯ ಸಂದಿಯಿಂದ ಒಳಗೆ ಇಣುಕಿ, "ನಾಳೆ ಬರೋಣ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಗುರುವಾರದ ನಾರಾ ಬುಧವಾರಕ್ಕೆ ಬಂತು. ಮುಕ್ಕಾಲು ಗಂಟೆ ರೈಲು. ಊರಿನ ತುಂಬ ಜಿಂಕೆ, ಸಾವಿರಕ್ಕೂ ಜಾಸ್ತಿ. ಕಸುಗಾ ಗುಡಿಯ ದೇವರ ದೂತರು ಅಂತ ನಂಬಿಕೆ, 1957ರಿಂದ ಕಾನೂನಿನ ರಕ್ಷಣೆ ಬೇರೆ. ಅವುಗಳಿಗೆ ಅಂತಲೇ ಮಾರುವ ಬಿಸ್ಕತ್ತು ಹಿಡಿದರೆ ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತವೆ. ಮೊದಲ ಸಲ ಮೈ ಜುಮ್ಮೆನ್ನುತ್ತೆ. ಮೂರನೇ ಸಲಕ್ಕೆ ಅರ್ಥವಾಗುತ್ತೆ, ಅದು ನಮಸ್ಕಾರ ಅಲ್ಲ, ವಸೂಲಿ. ಕೊಡೋದು ತಡವಾದರೆ ಹಿಂದಿನಿಂದ ಗುದ್ದುತ್ತವೆ.

ಅಪ್ಪ ಬಿಸ್ಕತ್ತು ಕೊಡುತ್ತಿದ್ದಾಗ ಇನ್ನೊಂದು ಜಿಂಕೆ ಹಿಂದಿನಿಂದ ಬಂದು ಅವರ ಪ್ಯಾಂಟಿನ ಜೇಬಿನಿಂದ ಕಾಗದ ಎಳೆಯಿತು. ನನ್ನ ಎಕ್ಸೆಲ್ ಶೀಟು. ನಾನು ಓಡಿ ಹೋಗಿ ಕಿತ್ತುಕೊಳ್ಳುವಷ್ಟರಲ್ಲಿ ಒಂದು ಮೂಲೆ ಅದರ ಬಾಯಲ್ಲಿತ್ತು. ಕೇಸರಿಯೂ ಕಂದೂ ಹೋಗಿದ್ದವು. ಕಾಗದ ಅವುಗಳ ಹೊಟ್ಟೆಗೆ ಒಳ್ಳೇದಲ್ಲವಂತೆ, ಅದೊಂದು ಪಾಪ ನನ್ನ ಲೆಕ್ಕಕ್ಕೆ. ಅಪ್ಪ ಬಹಳ ಹೊತ್ತು ನಕ್ಕರು. ಬೆಳಗಿನಿಂದ ಮೊದಲ ಸಲ.

ತೋದಾಯ್‌ಜಿಯ ಬುದ್ಧ ಸುಮಾರು 15 ಮೀಟರ್ ಎತ್ತರ, ಕಂಚಿನದು. ಇರೋ ಮರದ ಮಂದಿರ 1709ರಲ್ಲಿ ಮತ್ತೆ ಕಟ್ಟಿದ್ದು, ಮೊದಲಿದ್ದದ್ದಕ್ಕಿಂತ ಮೂರನೇ ಒಂದು ಭಾಗದಷ್ಟು ಚಿಕ್ಕದು, ಆದರೂ ಒಳಗೆ ಕಾಲಿಟ್ಟರೆ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತೆ. 752ರಲ್ಲಿ ಈ ಬುದ್ಧನಿಗೆ ಕಣ್ಣು ತೆರೆಸಿದ್ದು, ಅಂದರೆ ಕುಂಚ ಹಿಡಿದು ಕಣ್ಣಿನ ಗುಡ್ಡೆ ಬರೆದದ್ದು, ಭಾರತದಿಂದ ಹೋದ ಬೋಧಿಸೇನ ಅನ್ನುವ ಭಿಕ್ಷು. ಆ ಕುಂಚಕ್ಕೆ ಉದ್ದುದ್ದ ದಾರ ಕಟ್ಟಿದ್ದರು, ನೆರೆದವರೆಲ್ಲ ದಾರ ಹಿಡಿದುಕೊಂಡಿದ್ದರು, ಕಣ್ಣು ಬರೆದ ಪುಣ್ಯ ತಮಗೂ ಬರಲಿ ಅಂತ. ಆ ದಾರದ ವಿಷಯ ನನಗೆ ಬುದ್ಧನಿಗಿಂತ ಜಾಸ್ತಿ ಹಿಡಿಸಿತು.

ಹಿಂದೆ ಒಂದು ಕಂಬದ ಬುಡದಲ್ಲಿ ತೂತಿದೆ. ಬುದ್ಧನ ಮೂಗಿನ ಹೊಳ್ಳೆಯಷ್ಟೇ ದೊಡ್ಡದು, ತೂರಿಕೊಂಡು ಹೋದರೆ ಪುಣ್ಯ ಅನ್ನುತ್ತಾರೆ. ಮಕ್ಕಳು ಸರಾಗ ಹೋಗುತ್ತಿದ್ದರು. ದೊಡ್ಡವನೊಬ್ಬ ಸೊಂಟದಲ್ಲಿ ಸಿಕ್ಕಿಕೊಂಡು, ಗೆಳೆಯರು ಕೈ ಹಿಡಿದು ಎಳೆದು, ಪುಣ್ಯ ಬಂತೋ ಇಲ್ಲವೋ, ಚಪ್ಪಾಳೆ ಬಂತು.

ಐದನೇ ದಿನ, ಗುರುವಾರ: ಮ್ಯೂಸಿಯಂ, ಚಿನ್ನದ ಗುಡಿ

ಗೇಟು ತೆರೆಯುವ ಮೊದಲೇ ಹೋದೆವು. ಒಳಗೆ 1914ರ ರೌಂಡ್‌ಹೌಸ್, ಬೀಸಣಿಗೆಯಂತೆ ಹರಡಿದ 20 ಹಳಿಗಳು, ನಡುವೆ ಇಂಜಿನ್ ತಿರುಗಿಸುವ ಟರ್ನ್‌ಟೇಬಲ್. ಉಗಿ ಇಂಜಿನ್ ಒಂದು ಬಂದು ಅದರ ಮೇಲೆ ನಿಂತು ನಿಧಾನಕ್ಕೆ ತಿರುಗಿತು. ಕಟಕಟೆಗೆ ಅಂಟಿಕೊಂಡು ಅಪ್ಪ, ಅವರ ಪಕ್ಕ ಐದಾರು ವರ್ಷದ ಜಪಾನಿ ಹುಡುಗ. ಇಬ್ಬರದೂ ಬಾಯಿ ಅಷ್ಟೇ ತೆರೆದಿತ್ತು. ಹುಡುಗ ಏನೋ ಹೇಳಿದ, ಅಪ್ಪ ಕನ್ನಡದಲ್ಲಿ ಉತ್ತರ ಕೊಟ್ಟರು, ಅವನು ತಲೆ ಆಡಿಸಿದ. ಐದು ಗಂಟೆ ಇದ್ದೆವು. ನಾನು ಬೆಂಚಿನ ಮೇಲೆ ಒಂದು ನಿದ್ದೆ ತೆಗೆದೆ.

ಕಿಂಕಾಕು‌ಜಿ, ಚಿನ್ನದ ಮಂಟಪ, ಕೆರೆಯಲ್ಲಿ ನೆರಳು. ಚೆಂದ, ಸುಳ್ಳು ಹೇಳಲ್ಲ. ಇಪ್ಪತ್ತು ನಿಮಿಷ, ಜನರ ಹಿಂದೆ ಜನ. 1950ರಲ್ಲಿ ಅಲ್ಲಿಯದೇ ಒಬ್ಬ ಎಳೆ ಸನ್ಯಾಸಿ ಅದಕ್ಕೆ ಬೆಂಕಿ ಹಚ್ಚಿದ, ಈಗಿರೋದು 1955ರದ್ದು ಅಂತ ಅಪ್ಪನಿಗೆ ಓದಿ ಹೇಳಿದೆ.

"ಹಾಗಾದ್ರೆ ನನಗಿಂತ ಎರಡು ವರ್ಷ ಚಿಕ್ಕದು."

ಇಸೆ ಅನ್ನುವ ಊರಿನ ದೊಡ್ಡ ಗುಡಿಯನ್ನು 20 ವರ್ಷಕ್ಕೊಮ್ಮೆ ಅವರೇ ಹೊಸದಾಗಿ ಪಕ್ಕದ ಜಾಗದಲ್ಲಿ ಕಟ್ಟಿ, ಹಳೇದನ್ನು ಬಿಚ್ಚುತ್ತಾರೆ. 2013ರದ್ದು 62ನೇ ಸಲ. ಅದು ಹಳೇದೋ ಹೊಸದೋ? ನನ್ನ ಕಂದು ಬಣ್ಣಕ್ಕೆ ಇದೆಲ್ಲ ಗೊತ್ತಿರಲಿಲ್ಲ. ಕ್ಯೋಟೋದ ಗಿಯೋನ್ ಬೀದಿಗಳಿಗೂ ಒಂದು ಸುತ್ತು ಹಾಕಿದೆವು. ಹಾಡು ಕುಣಿತದ ಕಲಾವಿದೆಯರಾದ ಗೆಯ್ಶಾಗಳ ಹಿಂದೆ ಕ್ಯಾಮೆರಾ ಹಿಡಿದು ಓಡುವವರ ಕಾಟ ತಡೆಯಲಾರದೆ ಕೆಲವು ಖಾಸಗಿ ಓಣಿಗಳನ್ನು 2024ರಿಂದ ಪ್ರವಾಸಿಗರಿಗೆ ಮುಚ್ಚಿದ್ದಾರೆ. ಒಳಗೆ ಹೋದರೆ 10,000 ಯೆನ್ ದಂಡ ಅಂತ ಬೋರ್ಡು. ಜನ ಬೋರ್ಡಿನ ಫೋಟೊ ತೆಗೆಯುತ್ತಿದ್ದರು. ರಾತ್ರಿ ಹಿರೋಶಿಮಾ ಸೇರಿದೆವು.

ಆರನೇ ದಿನ, ಶುಕ್ರವಾರ: ಹಿರೋಶಿಮಾ

"ಬೆಳಗ್ಗೆ ಏಳಕ್ಕೆ ಹೊರಡೋಣ" ಅಂದರು ಅಪ್ಪ. ಮ್ಯೂಸಿಯಂ ಅಷ್ಟು ಬೇಗ ಯಾಕೆ ಅಂದೆ. ಮ್ಯೂಸಿಯಂ ಅಲ್ಲ, ಟ್ರಾಮು.

ಅವರಿಗೆ ಈ ಊರಿನಿಂದ ಬೇಕಾಗಿದ್ದದ್ದು 650 ಸರಣಿಯ ಟ್ರಾಮು. 1942ರಲ್ಲಿ ಐದು ಗಾಡಿ ಮಾಡಿದ್ದರು. 1945ರ ಆಗಸ್ಟ್ 6, ಬೆಳಗ್ಗೆ 8.15ಕ್ಕೆ ಬಾಂಬು ಬಿದ್ದಾಗ ಐದೂ ಇದೇ ಊರಿನಲ್ಲಿದ್ದವು. ಸುಟ್ಟದ್ದನ್ನು, ಹಳಿ ತಪ್ಪಿದ್ದನ್ನು ಮತ್ತೆ ರಿಪೇರಿ ಮಾಡಿ ಓಡಿಸಿದರು. 651, 652 ಈಗಲೂ ವಾರದ ದಿನಗಳಲ್ಲಿ ಬೆಳಗಿನ ಜನಜಂಗುಳಿಯ ಹೊತ್ತು ರಸ್ತೆಗಿಳಿಯುತ್ತವೆ. ಪ್ರದರ್ಶನಕ್ಕಲ್ಲ, ಆಫೀಸಿಗೆ ಹೋಗೋರಿಗೆ. ಬಾಂಬು ಬಿದ್ದ ಮೂರೇ ದಿನಕ್ಕೆ, ಆಗಸ್ಟ್ 9ಕ್ಕೆ, ಒಂದಷ್ಟು ದೂರ ಟ್ರಾಮು ಓಡಿತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಆಗ ಟ್ರಾಮು ನಡೆಸುತ್ತಿದ್ದವರಲ್ಲಿ ಶಾಲೆಯ ಹುಡುಗಿಯರೂ ಇದ್ದರು.

ಸ್ಟಾಪಿನಲ್ಲಿ ನಿಂತೆವು. ಹೊಸ ಗಾಡಿಗಳು ಬಂದವು, ಹೋದವು. ಅಪ್ಪ ಯಾವುದಕ್ಕೂ ಹತ್ತಲಿಲ್ಲ. ಎಂಟು ದಾಟಿತು. ನನಗೆ ಚಡಪಡಿಕೆ. ಆಗ ತಿರುವಿನಲ್ಲಿ ಒಂದು ಗಡುಸು ಸದ್ದು. ಮೇಲೆ ಕೆನೆ ಬಣ್ಣ, ಕೆಳಗೆ ಕಡು ಹಸಿರು, ಮುಂದೆ 652. ಅಪ್ಪ ಫೋನ್ ತೆಗೆಯುತ್ತಾರೆ ಅಂದುಕೊಂಡೆ, ತೆಗೆಯಲಿಲ್ಲ. ಹತ್ತಿದರು. ಒಳಗೆ ಯೂನಿಫಾರ್ಮಿನ ಮಕ್ಕಳು, ಟೈ ಕಟ್ಟಿದ ಗಂಡಸರು, ಅರ್ಧ ನಿದ್ದೆ. ಯಾರೂ ಏನನ್ನೂ ನೋಡುತ್ತಿರಲಿಲ್ಲ. ಅಪ್ಪ ಚಾಲಕನ ಹಿಂದೆ ನಿಂತು ಕಂಬಿ ಹಿಡಿದುಕೊಂಡರು. ಬಿಳಿ ಕೈಗವಸಿನ ಚಾಲಕ ಪ್ರತಿ ಸಿಗ್ನಲ್ಲಿಗೂ ಬೆರಳು ಮಾಡಿ ಏನೋ ಬಾಯಿ ಬಿಟ್ಟು ಹೇಳಿಕೊಳ್ಳುತ್ತಿದ್ದ, ಇಲ್ಲಿಯ ರೈಲಿನವರೆಲ್ಲ ಹಾಗೇ, ಕಣ್ಣು ನೋಡಿದ್ದನ್ನು ಕೈಯೂ ಬಾಯೂ ಒಪ್ಪಬೇಕು. ಕಂಬಿ ಹಿಡಿದ ಅಪ್ಪನ ಕೈಯಲ್ಲೂ ತೋರುಬೆರಳು ಅಷ್ಟಷ್ಟೇ ಎದ್ದು ಮಲಗುತ್ತಿತ್ತು. ನಾಲ್ಕು ಸ್ಟಾಪು. ಡೋಮ್ ಹತ್ತಿರ ಇಳಿದೆವು.

ಡೋಮ್ ಅಂದರೆ ಯಾನ್ ಲೆಟ್ಸೆಲ್ ಅನ್ನುವ ಚೆಕ್ ವಾಸ್ತುಶಿಲ್ಪಿ 1915ರಲ್ಲಿ ಕಟ್ಟಿದ ವಸ್ತುಪ್ರದರ್ಶನದ ಕಟ್ಟಡ. ಬಾಂಬು ಸುಮಾರು 600 ಮೀಟರ್ ಮೇಲೆ, ಹತ್ತಿರ ಹತ್ತಿರ ನೆತ್ತಿಯ ಮೇಲೇ ಸಿಡಿದದ್ದರಿಂದ ಗೋಡೆಗಳು ಒಂದಷ್ಟು ನಿಂತವು. ಬೀಳಿಸೋಣವೋ ಬೇಡವೋ ಅಂತ ಊರಿನಲ್ಲಿ ವರ್ಷಗಟ್ಟಲೆ ಜಗಳ ನಡೆದಿತ್ತು. ಕಂಡರೆ ನೆನಪಾಗುತ್ತೆ ಅನ್ನುವವರು ಎರಡೂ ಕಡೆ ಇದ್ದರು. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮ್ಯೂಸಿಯಂ ಒಳಗೆ ಶಾಲೆ ಮಕ್ಕಳ ಸಾಲುಗಳು, ನಮ್ಮಂಥವರ ಸಾಲುಗಳು. ಆದರೆ ಸದ್ದಿಲ್ಲ. ಮೂರು ವರ್ಷದ ಒಂದು ಮಗುವಿನ ಮೂರು ಗಾಲಿ ಸೈಕಲ್ ಇದೆ. ಮಗು ಅದನ್ನು ಓಡಿಸುತ್ತಿದ್ದಾಗಲೇ ಸುಟ್ಟು, ಆ ರಾತ್ರಿ ತೀರಿಕೊಂಡಿತು. ಅದರ ಅಪ್ಪನಿಗೆ ಮಗುವನ್ನು ದೂರದಲ್ಲಿ ಒಂಟಿಯಾಗಿ ಬಿಡೋಕೆ ಮನಸ್ಸಾಗದೆ ಹಿತ್ತಲಿನಲ್ಲೇ, ಸೈಕಲ್ ಜೊತೆ ಹೂತ. 40 ವರ್ಷ ಆದಮೇಲೆ ಅಗೆದು, ಮೂಳೆಗಳನ್ನು ಮನೆತನದ ಸಮಾಧಿಗೆ ಸೇರಿಸಿ, ಸೈಕಲನ್ನು ಇಲ್ಲಿಗೆ ಕೊಟ್ಟ. ತುಕ್ಕು ಹಿಡಿದಿದೆ. ಒಂದು ಹ್ಯಾಂಡಲ್ ಬಾಗಿದೆ. ಪಕ್ಕದ ಗಾಜಿನಲ್ಲಿ ಟಿಫಿನ್ ಡಬ್ಬಿ, ಒಳಗಿದ್ದ ಊಟ ಸುಟ್ಟು ಕರಕಲು.

ಇಲ್ಲಿಗೆ ಜನ ಯಾಕೆ ಬರುತ್ತಾರೆ? ಅದು ಕುತೂಹಲ ಅಂದರೆ ಕೆಟ್ಟದಾಗಿ ಕೇಳುತ್ತೆ, ಕರ್ತವ್ಯ ಅಂದರೆ ಸುಳ್ಳು. ನಾನು ಬಂದದ್ದು, ನಿಜ ಹೇಳಬೇಕಂದರೆ, ಜಪಾನಿಗೆ ಹೋಗಿ ಹಿರೋಶಿಮಾ ನೋಡಲಿಲ್ಲವಾ ಅಂತ ಯಾರಾದರೂ ಕೇಳುತ್ತಾರೆ ಅಂತ. ಹೊರಗೆ ಬಂದ ಮೇಲೆ ಒಂದು ಗಂಟೆ ನದಿಯ ದಂಡೆಯಲ್ಲಿ ಕೂತೆವು. ಶಿಬುಯಾದ ಗೋಡೆ ಚಿತ್ರ ನೆನಪಾಯಿತು. ಅಪ್ಪ ಒಂದೇ ಮಾತು ಕೇಳಿದರು. "ಮೂರೇ ದಿನಕ್ಕೆ ಆ ಹುಡುಗೀರು ಗಾಡಿ ಹತ್ತಿದ್ರಲ್ಲ, ಅವರಿಗೆ ಯಾರು ಹೇಳಿದ್ರು, ಹೊರಡು ಅಂತ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಏಳನೇ ದಿನ, ಶನಿವಾರ: ಮಿಯಾಜಿಮಾ

ಸಮುದ್ರದಲ್ಲಿ ನಿಂತ ಕೆಂಪು ತೋರಿ. 1875ರದ್ದು, ಸುಮಾರು 16 ಮೀಟರ್ ಎತ್ತರ, ನೆಲಕ್ಕೆ ಹೂಳಿಲ್ಲ, ತನ್ನ ಭಾರಕ್ಕೇ ನಿಂತಿದೆ. ಉಬ್ಬರದಲ್ಲಿ ತೇಲುವ ಹಾಗೆ ಕಾಣುತ್ತೆ. ನಾವು ಹೋದಾಗ ಇಳಿತ. ಜನ ಕೆಸರಿನಲ್ಲಿ ನಡೆದು ಹೋಗಿ ಕಂಬಕ್ಕೆ ಒರಗಿದ್ದರು. ಹತ್ತಿರದಿಂದ ನೋಡಿದರೆ ಬುಡದ ತುಂಬ ಚಿಪ್ಪು, ಪಾಚಿ. ಚಿತ್ರದಲ್ಲಿ ಇದು ಕಾಣಲ್ಲ, ನನಗೆ ಇದೇ ಇಷ್ಟವಾಯಿತು.

ಜಪಾನಿನ ಮೂರು ಅತಿ ಚೆಂದದ ನೋಟಗಳಲ್ಲಿ ಇದೂ ಒಂದು ಅಂತ ಎಲ್ಲ ಕಡೆ ಬರೆದಿದ್ದಾರೆ. ಆ ಪಟ್ಟಿ ಮಾಡಿದ್ದು ಯಾವಾಗ ಗೊತ್ತಾ, 1643ರಲ್ಲಿ, ಹಯಾಶಿ ಗಾಹೊ ಅನ್ನುವ ಪಂಡಿತ. ನೋಡಲೇಬೇಕಾದ ಇಷ್ಟು ಜಾಗಗಳು ಅಂತ ಪಟ್ಟಿ ಮಾಡೋ ಚಟ ಫೋನಿನ ಜೊತೆ ಬಂದದ್ದಲ್ಲ. ಅಪ್ಪನಿಗೆ ಅವತ್ತು ಮಂಡಿ ನೋವು. ದೋಣಿ ಕಟ್ಟೆಯಲ್ಲೇ ಇದ್ದರು.

ಎಂಟನೇ ದಿನ, ಭಾನುವಾರ: ನಾವೋಶಿಮಾ

ತಾಮ್ರ ಕರಗಿಸುವ ಕಾರ್ಖಾನೆಯ ದ್ವೀಪವೊಂದಕ್ಕೆ ಕಲೆ ತಂದು ಇಟ್ಟು ಪ್ರವಾಸಿ ತಾಣ ಮಾಡಿದ್ದಾರೆ. ಅಂದರೆ ಇಲ್ಲಿ ಆಕರ್ಷಣೆ ಮೊದಲಿರಲಿಲ್ಲ, ಕಟ್ಟಿದ್ದು. ವಾಸ್ತುಶಿಲ್ಪಿ ಟಡಾವೊ ಆಂಡೊ ಕಟ್ಟಿದ ಮ್ಯೂಸಿಯಂ ಹೆಚ್ಚುಪಾಲು ನೆಲದ ಅಡಿಯಲ್ಲೇ ಇದೆ, ದ್ವೀಪದ ನೋಟ ಕೆಡಬಾರದು ಅಂತ. ಕಟ್ಟೆಯ ತುದಿಯಲ್ಲಿ ಕಲಾವಿದೆ ಯಾಯೊಯಿ ಕುಸಾಮಾಳ ಹಳದಿ ಕುಂಬಳಕಾಯಿ, ಮೈಮೇಲೆ ಕಪ್ಪು ಚುಕ್ಕೆ. 1994ರಿಂದ ಅಲ್ಲೇ ಇತ್ತು. 2021ರ ಆಗಸ್ಟಿನಲ್ಲಿ ಬಿರುಗಾಳಿಗೆ ಸಮುದ್ರಕ್ಕೆ ಹೋಯಿತು, ಅದರ ವೀಡಿಯೊ ಜಗತ್ತೆಲ್ಲ ನೋಡಿತು, 2022ರಲ್ಲಿ ಹೊಸದು ಬಂತು. ಅದರ ಮುಂದೂ ಸಾಲು. ಸಾಲಿನಲ್ಲಿ ಅರ್ಧ ಜನಕ್ಕೆ ಅದು ಯಾರದ್ದು ಅಂತ ಗೊತ್ತಿರಲಿಲ್ಲ, ತೇಲಿ ಹೋದದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಅಪ್ಪ ಒಂದು ಸುತ್ತು ಹಾಕಿ ನೋಡಿದರು. "ಈ ಸಲ ಸರಿಯಾಗಿ ಬೋಲ್ಟ್ ಹಾಕಿದ್ದಾರಾ?" ಅಂದರು.

ಒಂಬತ್ತನೇ ದಿನ, ಸೋಮವಾರ: ವಾಪಸ್

ಒಕಾಯಾಮಾದಿಂದ ಟೋಕಿಯೋಗೆ. ಮತ್ತೆ ಇ ಸೀಟು, ಅಭ್ಯಾಸಕ್ಕೆ. ಕಿಟಕಿಯ ಪಕ್ಕ ಅಪ್ಪ. ನಾನು ಜಿಂಕೆ ತಿಂದು ಉಳಿದ ಶೀಟು ತೆಗೆದು ಏನು ನೋಡಿದೆವು ಅಂತ ಗುರುತು ಹಾಕುತ್ತಿದ್ದೆ. ಆಗ ಬೋಗಿಯಲ್ಲಿ ಒಟ್ಟಿಗೆ ಹತ್ತಿಪ್ಪತ್ತು ಜನ ಎದ್ದ ಸದ್ದು.

ಫ್ಯೂಜಿ. ನದಿ ಸೇತುವೆಯ ಮೇಲೆ ಗಾಡಿ ಹೋಗುತ್ತಿದ್ದಾಗ, ಒಂದು ಮೋಡವೂ ಇಲ್ಲದೆ, ಬುಡದಿಂದ ತುದಿಯವರೆಗೆ, ತಲೆಯ ಮೇಲೆ ಇನ್ನೂ ಹಿಮ. ಕಣ್ಣು ತುಂಬಿಕೊಂಡಿತು ಅಂತ ಹೇಳಲು ಸ್ವಲ್ಪ ನಾಚಿಕೆ, ಒಂಬತ್ತು ದಿನ ಕಾದಿದ್ದಕ್ಕೋ ಏನೋ. "ಅಪ್ಪ, ನೋಡಿ, ನೋಡಿ" ಅಂದೆ.

ನೋಡಿದರು. ಚೆನ್ನಾಗೇ ನೋಡಿದರು.

"ಇದು ಕೊನೇ ಸಲ ಸಿಡಿದದ್ದು 1707ರಲ್ಲಿ ಅಂದ್ಯಲ್ಲ? ಬೂದಿ ಟೋಕಿಯೋ ತನಕ ಬಿತ್ತು ಅಂತ?"

"ಹೂಂ."

"ಹಳಿ ಮೇಲೆ ಬೂದಿ ಕೂತ್ರೆ ಟ್ರ್ಯಾಕ್ ಸರ್ಕ್ಯೂಟ್ ಹೋಗುತ್ತೆ ಕಣೇ. ಇಲ್ಲೊಂದು ಗಾಡಿ ನಿಂತಿದೆ ಅಂತಾನೇ ಸಿಗ್ನಲ್ಲಿಗೆ ಗೊತ್ತಾಗಲ್ಲ. ಇವರು ಅದಕ್ಕೆ ಏನು ಮಾಡ್ಕೊಂಡಿದ್ದಾರೋ."

ಅಷ್ಟು ಹೇಳಿ ಕೊನೆಗೂ ಫೋನ್ ತೆಗೆದು ಒಂದು ಫೋಟೊ ಹೊಡೆದರು. ನನಗೆ ತೋರಿಸಿದರು. ನಟ್ಟ ನಡುವೆ ಕರೆಂಟ್ ಕಂಬ, ಅದರ ಹಿಂದೆ ಎಡಕ್ಕೂ ಬಲಕ್ಕೂ ಒಂದಿಷ್ಟು ಇಳಿಜಾರು.

"ಕಂಬ ಚೆನ್ನಾಗಿ ಬಂದಿದೆ" ಅಂದರು.